ಒಂದೇ ಅಚ್ಚಿನ ಎರಡು ದೋಣಿ

ದೋಣಿ ತೆಗೆದುಕೊಳ್ಳೋಣ ಎಂದು ನಾನು ಯಾವತ್ತೂ ಹೇಳಿದವನಲ್ಲ. ಹೇಳಿದ್ದು ಭಾವ. ನಮ್ಮ ಕಡೆ ಹೆಂಡತಿಯ ತಮ್ಮ ನನಗೂ ಭಾವ, ನಾನು ಅವನಿಗೂ ಭಾವ. ಹಾಗಾಗಿ ಮನೆಯಲ್ಲಿ ‘ಭಾವ ಹೇಳಿದ್ದು’ ಎಂದರೆ ತಪ್ಪು ಯಾರ ತಲೆಗೆ ಬೇಕಾದರೂ ಹೋಗಬಹುದು. ಸಾಮಾನ್ಯವಾಗಿ ನನ್ನ ತಲೆಗೇ ಬರುತ್ತದೆ. ಕುಂದಾಪುರದಲ್ಲಿ ಹೊಳೆಬದಿಯ ಮನೆ, ಆಗಷ್ಟೇ ಕೈಗೆ ಬಂದ ಗ್ರಾಚ್ಯುಟಿ, ಬೇಲಿಯಾಚೆ ಮೀನಿನ ಹುಚ್ಚಿನ ಭಾವ. ಇಷ್ಟು ಒಂದೇ ಕಡೆ ಸೇರಿದಲ್ಲಿ ದೋಣಿ ಮಳೆಗಾಲದ ಅಣಬೆಯಂತೆ ತಾನಾಗಿಯೇ ಏಳುತ್ತದೆ.

ನನ್ನಾಕೆ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಅವಳ ತವರು ಗಂಗೊಳ್ಳಿ. ಐದು ಹೊಳೆಗಳು ಒಟ್ಟಾಗಿ ಅಳಿವೆಗೆ ಬೀಳುವ ಪಂಚಗಂಗಾವಳಿಯ ಈಚೆ ನಾವು, ಆಚೆ ಅವಳ ಅಮ್ಮ. ನೀರಿನ ಮೇಲೆ ಕೂಗಳತೆ; ರಸ್ತೆಯಲ್ಲಿ ಹೆಮ್ಮಾಡಿ, ತ್ರಾಸಿ ಸುತ್ತಿ 15 ಕಿಲೋಮೀಟರಿಗೂ ಮೇಲೆ. ಮೂವತ್ತು ವರ್ಷ ಬಸ್ಸಿನಲ್ಲಿ ಸುತ್ತಿದವಳು ದೋಣಿ ಎಂದ ಕೂಡಲೇ ಒಪ್ಪಿದಳು. ಒಪ್ಪಿದ್ದೇ ತಪ್ಪಾಯಿತು. ಭಾವನಿಗೆ ಬೇಕಾದದ್ದು ಬಲೆ ಹೊರುವ ದೋಣಿ, ಅಕ್ಕನಿಗೆ ಬೇಕಾದದ್ದು ಸೀರೆ ಒದ್ದೆಯಾಗದ ದೋಣಿ. ಒಂದೇ ದೋಣಿಯಲ್ಲಿ ಎರಡೂ ಆಗಬೇಕು. ದುಡ್ಡು ಮಾತ್ರ ನನ್ನದು.

ಅಜ್ಜನ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಮರದ ಹಲಗೆಗಳನ್ನು ತೆಂಗಿನ ಹುರಿಯಲ್ಲಿ ಹೊಲಿದ ಒಂದೇ ದೋಣಿ. ಮೀನಿಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ. ವರ್ಷ ವರ್ಷ ಎಣ್ಣೆ ಬಳಿಯಬೇಕು, ಮಳೆಗಾಲದಲ್ಲಿ ಮಡಲು ಹೊದೆಸಿ ಮಲಗಿಸಬೇಕು, ಒಟ್ಟಿನಲ್ಲಿ ಮನೆಯ ಹಿರಿಯರಂತೆ ನೋಡಿಕೊಳ್ಳಬೇಕು. ಈಗಿನದು ಫೈಬರ್. ಅದನ್ನು ಮಾಡುವುದನ್ನು ಒಮ್ಮೆ ನಿಂತು ನೋಡಿದ್ದೇನೆ. ಅಚ್ಚಿನೊಳಗೆ ಮೊದಲು ಬಣ್ಣದ ಲೇಪ, ಅದರ ಮೇಲೆ ಗಾಜಿನ ನೂಲಿನ ಚಾಪೆ, ಚಾಪೆಗೆ ರೆಸಿನ್, ಮತ್ತೊಂದು ಚಾಪೆ, ಮತ್ತೆ ರೆಸಿನ್. ಕೆಸುವಿನೆಲೆಯ ಮೇಲೆ ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಇಟ್ಟು ಪತ್ರೊಡೆ ಮಾಡುವ ಕ್ರಮವೇ ಇದು. ವಾಸನೆಯಲ್ಲಿ ಮಾತ್ರ ಹೋಲಿಕೆ ಇಲ್ಲ. ಹಿಂಬದಿಯಲ್ಲಿ, ಇಂಜಿನ್ ಕಚ್ಚಿಕೊಳ್ಳುವ ಅಡ್ಡಗೋಡೆಯ ಹೊಟ್ಟೆಯೊಳಗೆ, ಪ್ಲೈವುಡ್ಡಿನ ಹೂರಣ ಇಡುತ್ತಾರೆ. ಈ ಹೂರಣದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ದಲ್ಲಾಳಿಯೊಬ್ಬ ತೆಂಗಿನ ತೋಟದಲ್ಲಿ ಕವುಚಿ ಹಾಕಿದ್ದ ಎರಡು ದೋಣಿ ತೋರಿಸಿದ. ಎರಡೂ 20 ಅಡಿ, ಎರಡೂ ನಾಲ್ಕು ವರ್ಷದ ಹಳೆಯವು, ಎರಡಕ್ಕೂ ಒಂದೇ ಕಂಪನಿಯ, ಒಂದೇ ಅಳತೆಯ ಇಂಜಿನ್.

“ಎರ್ಡೂ ಒಂದೇ ಅಚ್ಚಂಗೆ ತೆಗ್ದದ್ ಮಾಷ್ಟ್ರೆ, ಒಂದೇ ಅಬ್ಬಿ ಮಕ್ಕಳ್” ಎಂದ.

ಒಂದು ನೀಲಿ, ಇನ್ನೊಂದು ಹಸಿರು. ನೀಲಿಯ ನಡುವೆ ಬಲೆ ರಾಶಿ ಹಾಕಲು ಬಟಾಬಯಲು. ಹಸಿರಿನಲ್ಲಿ ಹಿಂದಿನ ಯಜಮಾನ ಒರಗು ಇರುವ ಎರಡು ಬೆಂಚು ಕೂರಿಸಿದ್ದ. ಭಾವ ನೀಲಿಯ ಪಕ್ಕ ಹೋಗಿ ನಿಂತ. ನನ್ನಾಕೆ ಹಸಿರಿನ ಪಕ್ಕ. ನಾನು ದಲ್ಲಾಳಿಯ ಪಕ್ಕ.

ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿರುತ್ತದೆಯೇ? ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡಕ್ಕೂ ಅಂಕ ಹಾಕಿದೆ. ತಳದ ಗಟ್ಟಿತನಕ್ಕೆ ಇಪ್ಪತ್ತು, ಇಂಜಿನ್ನಿಗೆ ಇಪ್ಪತ್ತೈದು, ಬಣ್ಣಕ್ಕೆ ಐದು, ಹೀಗೆ. ಎರಡಕ್ಕೂ 71 ಬಂತು. ಮರುಮೌಲ್ಯಮಾಪನ ಮಾಡಿದೆ, ಎರಡಕ್ಕೂ 68. ಒಬ್ಬನದನ್ನು ನೋಡಿ ಇನ್ನೊಬ್ಬ ಬರೆದಂತಿತ್ತು. ಪ್ರಶ್ನೆಪತ್ರಿಕೆಯೇ ಸರಿಯಿಲ್ಲ ಎಂದು ಭಾವ, ಬೆಂಚಿಗೆ ಅಂಕವೇ ಇಟ್ಟಿಲ್ಲ ಎಂದು ಅವನ ಅಕ್ಕ, ಇಬ್ಬರೂ ತಕರಾರು ತೆಗೆದರು. ಆವತ್ತು ನನಗೆ ಅರ್ಥವಾದದ್ದಿಷ್ಟು: ದೋಣಿಗಳ ನಡುವೆ ಜಗಳವೇ ಇಲ್ಲ. ಜಗಳ ಇದ್ದದ್ದು ನಮ್ಮ ಮನೆಯಲ್ಲಿ. ನೀಲಿ, ಹಸಿರು ಎಂದು ಅದಕ್ಕೆ ಹೆಸರಿಟ್ಟುಕೊಂಡೆವು, ಅಷ್ಟೇ.

ಇಂಜಿನ್ನಿನ ಶಕ್ತಿ 9.9 ಹಾರ್ಸ್‌ಪವರ್. ಈ 9.9ನ್ನು ಕಂಡಾಗ ಬಾಟಾ ಚಪ್ಪಲಿಯ ಬೆಲೆ ನೆನಪಾಗಿ ನಗು ಬಂತು. ಭಾವ ನಗಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಸಮುದ್ರ ಬಂದ್; 10 ಹಾರ್ಸ್‌ಪವರಿನೊಳಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ಆ ಹತ್ತನೇ ಒಂದು ಭಾಗದಲ್ಲಿ ಒಂದು ಮಳೆಗಾಲದ ಮೀನೇ ಅಡಗಿದೆ ಎಂದು ಅವನು ವಿವರಿಸಿದ. ಮಳೆಗಾಲದ ಅಳಿವೆ ಬಾಯಿಯಲ್ಲಿ ಏಳುವ ತೆರೆಯ ಬಗ್ಗೆ ಅವನ ಅಕ್ಕ ಇನ್ನೂ ಚೆನ್ನಾಗಿ ವಿವರಿಸಿದಳು. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಮುಳುಗುವ ಮಾತು ಬಂದದ್ದರಿಂದ ಮರುದಿನ ದಲ್ಲಾಳಿಯನ್ನು ಕೇಳಿದೆ. “ಮುಳ್ಗುದೇ ಇಲ್ಲ ಮಾಷ್ಟ್ರೆ” ಎಂದ. 1961ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಒಂದು ಚಿತ್ರ ಬಂದಿತ್ತು. ಬೋಸ್ಟನ್ ವೇಲರ್ ಎಂಬ ಫೈಬರ್ ದೋಣಿಯನ್ನು ನೀರಿನ ಮೇಲೇ ಗರಗಸದಿಂದ ಎರಡು ತುಂಡು ಮಾಡುತ್ತಾರೆ. ಒಳಗೆಲ್ಲ ಫೋಮ್ ತುಂಬಿದ್ದರಿಂದ ಅದು ಮುಳುಗುವುದಿಲ್ಲ. ಕಂಪನಿಯ ಯಜಮಾನ ಕೋಟು ಹಾಕಿಕೊಂಡು ಅದರಲ್ಲೇ ಕೂತಿದ್ದಾನೆ. ಈ ಕಥೆ ಹೇಳಿ, ನೀನೂ ಒಮ್ಮೆ ಕೊಯ್ದು ತೋರಿಸುತ್ತೀಯಾ ಎಂದೆ. ಹಾಗೆ ಮಾಡಿದ್ದರೆ ಭಾವನಿಗೆ ಅರ್ಧ, ಅಕ್ಕನಿಗೆ ಅರ್ಧ ಕೊಟ್ಟು ನಾನು ನೆಮ್ಮದಿಯಿಂದ ಇರಬಹುದಿತ್ತು. ದಲ್ಲಾಳಿ ಬೀಡಿ ಹಚ್ಚಿಕೊಂಡು ಸಮುದ್ರದ ಕಡೆ ನೋಡಿದ.

ಇನ್ನೊಂದು ಕಥೆಯನ್ನು ಮನೆಯಲ್ಲಿ ಹೇಳಿ ನಾನೇ ಸಿಕ್ಕಿಬಿದ್ದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಓಲೆ ಎವಿನ್ರೂಡ್ ಎಂಬ ಮೆಕ್ಯಾನಿಕ್. ಕೆರೆದಂಡೆಯ ಪಿಕ್ನಿಕ್ಕಿನಲ್ಲಿ ಪ್ರಿಯತಮೆ ಐಸ್‌ಕ್ರೀಮ್ ಕೇಳಿದಳಂತೆ. ಈತ ಹುಟ್ಟು ಹಾಕಿಕೊಂಡು ಹೋಗಿ ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಆ ಸಂಕಟದಲ್ಲಿ ದೋಣಿಯ ಬೆನ್ನಿಗೆ ಕಟ್ಟುವ ಮೋಟಾರಿನ ಯೋಚನೆ ಹುಟ್ಟಿ, 1909ರಲ್ಲಿ ಅದನ್ನು ಮಾರಲು ಶುರುಮಾಡಿದ ಎಂದು ಕಥೆ. ಕೇಳಿದ್ದೇ ತಡ, ನನ್ನಾಕೆ ತಮ್ಮನ ಕಡೆ ತಿರುಗಿದಳು. “ಕಂಡ್ಯಾ? ಇಂಜಿನ್ ಹುಟ್ಟಿದ್ದೇ ಹೆಂಗ್ಸ್ರಿಗೆ. ಬಲಿಗ್ ಅಲ್ಲ.” ಭಾವ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ.

ಕೊನೆಗೆ ತೀರ್ಮಾನ ಮಾಡಿದ್ದು ನನ್ನ ಅಂಕಪಟ್ಟಿಯೂ ಅಲ್ಲ, ಎವಿನ್ರೂಡನೂ ಅಲ್ಲ. ಹಲಸಿನ ಹಣ್ಣು.

ಹಲಸು ತಟ್ಟುವುದರಲ್ಲಿ ನನ್ನಾಕೆಯನ್ನು ಮೀರಿಸಿದವರು ನಮ್ಮ ಓಣಿಯಲ್ಲಿಲ್ಲ. ಮರದಲ್ಲೇ ತಟ್ಟಿ, ಇದು ನಾಳೆಗೆ, ಇದು ನಾಡಿದ್ದಿಗೆ, ಇದು ಹಪ್ಪಳಕ್ಕೆ ಎಂದು ಹೇಳಬಲ್ಲಳು. ಮುಂಗಡ ಕೊಡಲು ಹೋದ ದಿನ, ಹಸಿರು ದೋಣಿಯೇ ಸೈ ಎಂದು ಪಟ್ಟು ಹಿಡಿದು ಬಂದವಳು, ಭಾವ ಮತ್ತು ದಲ್ಲಾಳಿ ಚೌಕಾಸಿಯಲ್ಲಿದ್ದಾಗ ಹಿಂಬದಿಯ ಅಡ್ಡಗೋಡೆಯನ್ನು ಬೆರಳ ಗೆಣ್ಣಿನಿಂದ ಸುಮ್ಮನೆ ತಟ್ಟಿದಳು. ನಿಂತಳು. ಮತ್ತೆ ತಟ್ಟಿದಳು. ಎದ್ದು ಹೋಗಿ ನೀಲಿಯನ್ನು ತಟ್ಟಿದಳು: ಟಣ್ ಟಣ್. ಬಂದು ಹಸಿರನ್ನು ತಟ್ಟಿದಳು: ದಬ್ ದಬ್. ಬಳೆ ಮೇಲಕ್ಕೆ ಸರಿಸಿ, ತಲೆ ಓರೆ ಮಾಡಿ, ಕಿವಿಯನ್ನು ಫೈಬರಿಗೆ ಹತ್ತಿರ ತಂದು, ಇಂಜಿನ್ನಿನ ಬೋಲ್ಟು ಕೂರುವ ತೂತುಗಳ ಸುತ್ತ ಒಂದೊಂದೇ ಬೆರಳಗಲ ಸರಿಯುತ್ತಾ ತಟ್ಟಿದಳು. ದಲ್ಲಾಳಿಯ ಮಾತು ನಿಂತಿತು.

“ಇದ್ರ ಒಳ್ಗ್ ಕೊಳ್ತ್ ಹೋಯ್ತ್” ಎಂದಳು.

ಕೆಳಗಿನ ತೂತಿಗೆ ಭಾವ ಸ್ಕ್ರೂಡ್ರೈವರ್ ಚುಚ್ಚಿದ. ಎಳೆದಾಗ ತುದಿಯಲ್ಲಿ ಕಪ್ಪಗಿನ, ಒದ್ದೆ ಪುಡಿ. ನೆನೆದ ಚಾದ ಸೊಪ್ಪಿನಂತೆ. ಬೋಲ್ಟಿನ ಸಂದಿಯಿಂದ ನೀರು ಇಳಿದು ಪ್ಲೈವುಡ್ ಹೂರಣವೆಲ್ಲ ಹಳಸಿತ್ತು. ಸುಮಾರು 40 ಕಿಲೋ ತೂಕದ ಇಂಜಿನ್ ಅಳಿವೆಯ ನಡುವೆ ಆ ಗೋಡೆಯನ್ನು ಕಿತ್ತುಕೊಂಡು ಹೊಳೆಗೆ ಹಾರಿದ್ದರೆ ಬೆಂಚಿನ ಒರಗು ಯಾವ ಉಪಕಾರಕ್ಕೂ ಬರುತ್ತಿರಲಿಲ್ಲ. ತನ್ನ ದೋಣಿಯನ್ನು ತಾನೇ ಫೇಲು ಮಾಡಿದ ಹೆಂಡತಿಯ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಭಾವ ಮಾತ್ರ ಗೆದ್ದ ಕೋಳಿಯ ಯಜಮಾನನಂತೆ ನಿಂತಿದ್ದ.

ಗೆಲುವು ಹೆಚ್ಚು ದಿನ ಉಳಿಯಲಿಲ್ಲ. ನೀಲಿ ದೋಣಿ ಬಂದ ವಾರದಲ್ಲೇ ಬಡಗಿಯೂ ಬಂದ. ಬಟಾಬಯಲಿನಲ್ಲಿ ಎರಡು ಬೆಂಚು ಎದ್ದವು, ಒರಗಿನ ಸಮೇತ. ಭಾವ ಬೆಂಚಿನ ಕಾಲುಗಳ ನಡುವೆ ಬಲೆ ತುರುಕಿ, ಅದು ಸಿಕ್ಕಿಕೊಂಡು, ಬಿಡಿಸುತ್ತಾ ಬೆಳಗು ಮಾಡಿ, ನಾಲ್ಕು ಬೂತಾಯಿ ಹಿಡಿದು ಬರುತ್ತಿದ್ದ. ಆ ನಾಲ್ಕು ಬೂತಾಯಿಯ ವಾಸನೆಗೆ ಅವನ ಅಕ್ಕ ಸೋಪಿನಪುಡಿ ಹಾಕಿ ಬೆಂಚು ತಿಕ್ಕುತ್ತಿದ್ದಳು. ಹಸಿರು ದೋಣಿಯನ್ನು ಪಕ್ಕದ ಮನೆಯವರು ಅಗ್ಗಕ್ಕೆ ಹೊಡೆದರು. ಹಿಂಬದಿ ಕೊಯ್ದು ಹೊಸ ಹೂರಣ ಇಟ್ಟರು, ಬಲೆಗೆ ಅಡ್ಡವೆಂದು ಬೆಂಚು ಕಿತ್ತು ಒಲೆಗೆ ಹಾಕಿದರು. ಈಗ ಎರಡೂ ಒಂದೇ ತೆಂಗಿನ ಮರಕ್ಕೆ ಕಟ್ಟಿಕೊಂಡು ಅಕ್ಕಪಕ್ಕ ತೇಲುತ್ತವೆ.

ಹೋದ ತಿಂಗಳು ಅಮಾವಾಸ್ಯೆಯ ಹಿಂದುಮುಂದು. ನಸುಕು ನಾಲ್ಕು ಗಂಟೆಗೆ ಭಾವ ನಮ್ಮ ಇಂಜಿನ್ ಹೊತ್ತು ಇಳಿದು ಹೋದ. ಏಳೂವರೆಗೆ ಪಕ್ಕದ ಮನೆಯವರು ಹೆಗಲ ಮೇಲೆ ಇಂಜಿನ್ ಹೊತ್ತುಕೊಂಡು ನಮ್ಮ ನೀಲಿ ದೋಣಿಯ ಎದುರು, ಬಸ್ಸು ತಪ್ಪಿದವರಂತೆ ನಿಂತಿದ್ದರು. ಎಂಟಕ್ಕೆ ಹಸಿರು ದೋಣಿ ಬಂತು. ಅದರ ತುಂಬ ಬಂಗುಡೆ.

“ಬೆಳ್ಕ್ ಹರ್ದ್ ಮೇಲೇ ಗೊತ್ತಾದ್ದ್ ಭಾವ” ಎಂದ ಭಾವ. “ಕತ್ಲಂಗೆ ಕಾಲ್ ಇಟ್ಟೆ, ಬೆಂಚ್ ಇಲ್ಲ. ಅಕ್ಕ ಮನ್ಸ್ ಮಾಡಿ ತೆಗ್ಸಿದ್ಲ್ ಅಂದೇಳಿ ಖುಷಿ ಆಯ್ತ್.”

ಬಲೆ ನಮ್ಮದು, ಇಂಜಿನ್ ನಮ್ಮದು, ಆಳು ನಮ್ಮದು. ದೋಣಿ ಅವರದ್ದು, ದೋಣಿಗೊಂದು ಪಾಲು. ಪಕ್ಕದ ಮನೆಯವರು ನ್ಯಾಯವಾಗಿ ಎಣಿಸಿ ಒಂದು ಬುಟ್ಟಿ ತೆಗೆದಿಟ್ಟುಕೊಂಡರು. ಆಮೇಲೆ ಸುಸ್ತಾಗಿ ನಮ್ಮ ದೋಣಿಯ ಬೆಂಚಿನ ಮೇಲೆ ಕೂತು, ಬೆನ್ನು ಒರಗಿಸಿ, ಕಾಲು ಚಾಚಿ ನೋಡಿದರು.

“ಕೂಕಂಬುಕೆ ಲಾಯ್ಕ್ ಇತ್ತ್ ಮಾಷ್ಟ್ರೆ. ಆಯ್ತವಾರ ಒಂದ್ ದಿನ ಕೊಡ್ತ್ರಿಯಾ? ಇವಳನ್ನ್ ತವ್ರಿಗ್ ಕರ್ಕೊಂಡ್ ಹೋಯ್ಕ್.”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ದನಿ ಬಂತು.

“ತವ್ರಿಗ್ ಹೋದ್ರೆ ದೋಣಿ ಪಾಲ್ ಎಷ್ಟ್ ಅಂದೇಳಿ ಮೊದ್ಲ್ ಕೇಣಿ.”