ಫೋಟೊಗೆ ನಾಲ್ಕು ಡಬ್ಬಿ

ನಾಳೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬರುತ್ತಾರೆಂದು ಊರಿನ ನರ್ಸಿಂಗ್ ಹೋಮಿನ ಮ್ಯಾನೇಜರು ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿದರು.

“ನೋಡಮ್ಮ, ಇದರೊಳಗೆ ಏನೂ ಹಾಕಬೇಡ. ಗಲೀಜಾಗುತ್ತೆ.”

“ರಕ್ತದ ಹತ್ತಿ ಎಲ್ಲಿ ಹಾಕ್ಲಿ ಸಾರ್?” ಆಯಾ ಕೇಳಿದಳು.

“ಎಂದಿನ ಹಾಗೆ ಕಪ್ಪು ಚೀಲಕ್ಕೆ.”

“ಹತ್ತಿ ಹಳದಿಗೆ, ಸುಡೋಕೆ. ಗ್ಲೌಸು, ಡ್ರಿಪ್ ಪೈಪು ಕೆಂಪಿಗೆ. ಸೂಜಿ ಬಿಳಿಗೆ, ಗಾಜು ನೀಲಿಗೆ. ಗೋಡೆಗೆ ನೀವೇ ಅಂಟಿಸಿದೀರಲ್ಲ?”

“ಅದು ಬಂದವರು ಓದೋಕೆ!”

ಆಯಾಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನಿನ್ನೆ ಕಪ್ಪು ಚೀಲ ಎತ್ತುವಾಗ ಒಳಗಿದ್ದ ಸೂಜಿ ಚುಚ್ಚಿತ್ತು.

“ಹೆಪಟೈಟಿಸ್ ಬಿ ಲಸಿಕೆ ಹಾಕಿಸ್ತೀನಿ ಅಂದಿದ್ರಿ?”

“ಈ ಸಲದ ದುಡ್ಡೆಲ್ಲ ಡಬ್ಬಿಗೇ ಹೋಯ್ತಲ್ಲಮ್ಮ!”

ಡಬ್ಬಿಗಳ ಭಾಗ್ಯ! 2016ರ ಆಸ್ಪತ್ರೆ ಕಸದ ನಿಯಮದಂತೆ ಸಿಬ್ಬಂದಿಗೆ ಲಸಿಕೆ ಹಾಕಿಸುವ ಹೊಣೆ ಆಸ್ಪತ್ರೆಯದು. ರಕ್ತದ ಹತ್ತಿಯಂಥ ಕಸವನ್ನು ಸಂಸ್ಕರಿಸದೆ 48 ಗಂಟೆ ಮೀರಿ ಇಡುವಂತಿಲ್ಲ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜುಗಳೇ ಮತ್ತೆ ಬಳಕೆಯಾಗಿ ಹೆಪಟೈಟಿಸ್ ಬಿ ಹರಡಿತು, ಹಲವರು ಸತ್ತರು. ಮ್ಯಾನೇಜರಿಗೆ ಅದು ಬೇರೆ ರಾಜ್ಯದ ಸುದ್ದಿ.

ಸೂಜಿ ಚುಚ್ಚಿದವರು ಬೆರಳು ಹಿಂಡುತ್ತಾ ಕೂರಬಾರದು. ಸೋಪು ನೀರಲ್ಲಿ ತೊಳೆದು ತಕ್ಷಣ ವೈದ್ಯರ ಬಳಿ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಲೇಬೇಕು.