ಬೂದಿ ಮುಚ್ಚಿದ ಬುದ್ಧಿ

ಜನವರಿಯ ಒಂದು ಶನಿವಾರ, ಬೆಳಗ್ಗೆ ಆರೂವರೆ. ಹೊರಗೆ ಮೈನಸ್ 17 ಡಿಗ್ರಿ. ಎಂದಿನಂತೆ ಒಲೆಯ ಗುಂಡಿ ಒತ್ತಿದೆ. ಒಳಗಿನ ಫ್ಯಾನು ಗುಂಯ್ ಎಂದಿತು. ಪೆಲೆಟ್‌ಗಳು ಟಿಣ್ ಟಿಣ್ ಎನ್ನುತ್ತ ಕಬ್ಬಿಣದ ಬಟ್ಟಲಿಗೆ ಉದುರತೊಡಗಿದವು. ಕಾಫಿ ಲೋಟ ಹಿಡಿದು ಒಲೆಯ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಐದು ನಿಮಿಷವಾಯಿತು, ಹತ್ತಾಯಿತು. ಬಟ್ಟಲಲ್ಲಿ ಪೆಲೆಟ್ ಗುಡ್ಡೆ ಬಿತ್ತೇ ಹೊರತು ಹೊಗೆಯ ಒಂದು ಎಳೆಯೂ ಏಳಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಕೆಂಪು ದೀಪ ಮಿಣುಕಿ ಒಲೆ ತಾನಾಗಿಯೇ ಆರಿತು. ಹೊತ್ತದೇ ಇದ್ದದ್ದು ಆರುವುದು ಹೇಗೆ ಎಂದು ಕೇಳಬೇಡಿ. ಈ ಒಲೆಗೆ ಅದೂ ಬರುತ್ತದೆ.

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾದಲ್ಲಿ. ಮನೆಗೆ ಎಣ್ಣೆಯ ಫರ್ನೇಸ್ ಇದೆ. ಆದರೆ ಎಣ್ಣೆಯ ಬಿಲ್ಲು ಬಂದ ದಿನ ಮೈ ಬಿಸಿಯಾಗುವುದು ಬೇರೆ ಕಾರಣಕ್ಕೆ. ಮನೆ ಮಾರಿದವರು ಹಾಲಿನ ಮೂಲೆಯಲ್ಲಿ ಒಂದು ಪೆಲೆಟ್ ಒಲೆಯನ್ನೂ ಬಿಟ್ಟುಹೋಗಿದ್ದರು. ಮರದ ಹೊಟ್ಟನ್ನು ಒಣಗಿಸಿ, ಯಂತ್ರದಲ್ಲಿ ಒತ್ತಿ ಮಾಡಿದ 6 ಮಿಲಿಮೀಟರ್ ದಪ್ಪದ ತುಣುಕುಗಳೇ ಪೆಲೆಟ್. ಅಂಟು ಗಿಂಟು ಏನೂ ಬೇಡ, ಒತ್ತುವಾಗಿನ ಬಿಸಿಗೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ ತಾನೇ ಹಿಡಿದುಕೊಳ್ಳುತ್ತದೆ. ಚೀಲಕ್ಕೆ 40 ಪೌಂಡ್, ಅಂದರೆ ಸುಮಾರು 18 ಕಿಲೋ. 50 ಚೀಲಕ್ಕೆ ಒಂದು ಟನ್. ಎರಡು ಟನ್ ತರಿಸಿ ನೆಲಮಾಳಿಗೆಗೆ ನಾನೇ ಹೊತ್ತಿದ್ದರಿಂದ ಈ ಲೆಕ್ಕ ನನ್ನ ಸೊಂಟಕ್ಕೆ ಬಾಯಿಪಾಠ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ತೀರ್ಥಹಳ್ಳಿಯಿಂದ ಅಮ್ಮ, "ಅದೆಂತ ಮಾರಾಯ, ದನದ ಫೀಡಾ?" ಎಂದಿದ್ದಳು. ಡೇರಿಯ ಪಶು ಆಹಾರದ ಪಕ್ಕ ಇಟ್ಟರೆ ಹಸುವಿಗೂ ಗೊತ್ತಾಗಲಿಕ್ಕಿಲ್ಲ.

ಒಲೆ ಹಚ್ಚುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬುದು ನನ್ನ ಹಳೆಯ ಜಂಬ. ನಮ್ಮ ಬಚ್ಚಲಲ್ಲಿ ಹೊಟ್ಟಿನ ಒಲೆ ಇತ್ತು. ಅಪ್ಪ ಸಾಮಿಲ್‌ನಿಂದ ಗೋಣಿಯಲ್ಲಿ ಹೊಟ್ಟು ತರುತ್ತಿದ್ದರು. ತಗಡಿನ ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಕೆಳಗಿನ ತೂತಿನಿಂದ ಅದರ ಬುಡಕ್ಕೆ ತಾಗುವಂತೆ ಒಂದು ಕೋಲು ತೂರಿಸಿ, ಸುತ್ತಲೂ ಹೊಟ್ಟು ತುಂಬಿ ಒನಕೆಯ ತುಂಡಿನಲ್ಲಿ ಜಡಿಯಬೇಕು. ಆಮೇಲೆ ಕೋಲನ್ನು ಎಳೆದು, ಬಾಟಲಿಯನ್ನು ಉಸಿರು ಬಿಗಿಹಿಡಿದು ತಿರುಗಿಸುತ್ತಾ ಮೇಲಕ್ಕೆತ್ತಬೇಕು. ಕೈ ನಡುಗಿದರೆ ಬಾವಿ ಕುಸಿದ ಹಾಗೆ ಕುಸಿಯುತ್ತದೆ. ಆ ಬಾಟಲಿ ಎತ್ತುವ ಕೆಲಸ ನನ್ನದು. ಹತ್ತು ವರ್ಷದವನಾಗಿದ್ದಾಗಲೇ ಹೊಟ್ಟನ್ನು ಗೆದ್ದವನಿಗೆ ಅಮೆರಿಕದ ಹೊಟ್ಟು ಯಾವ ಲೆಕ್ಕ?

ಆದರೆ ಈ ಒಲೆಯ ಮನೆತನವೇ ಬೇರೆ. ಇಂಥದ್ದನ್ನು ಮನೆಬಳಕೆಗೆ ರೂಪಿಸಿದ ಮೊದಲಿಗರಲ್ಲಿ ಹೆಸರಾದವರು ಜೆರ್ರಿ ವಿಟ್‌ಫೀಲ್ಡ್, ಬೋಯಿಂಗ್ ವಿಮಾನ ಕಂಪನಿಯಲ್ಲಿದ್ದ ಎಂಜಿನಿಯರ್. ತೈಲ ಬಿಕ್ಕಟ್ಟಿನ ಬೆನ್ನಿಗೆ, 1980ರ ದಶಕದಲ್ಲಿ. ವಿಮಾನದವರು ಮಾಡಿದ ಒಲೆಯಾದ್ದರಿಂದಲೋ ಏನೋ ಹಾರುವ ಮುನ್ನದ ತಪಾಸಣೆಯೆಲ್ಲ ಮುಗಿಯದೆ ಇದು ಹೊತ್ತುವುದಿಲ್ಲ. ನನಗೆ ಮಾತ್ರ ಇದು ತಾಲ್ಲೂಕು ಕಚೇರಿಯ ಹಾಗೆ ಕಾಣುತ್ತದೆ. ಬೆಂಕಿ ಎಂಬ ಅರ್ಜಿ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಬೇಕು. ಪೆಲೆಟ್ ತುಂಬಿಡುವ ಹಾಪರಿನ ಮುಚ್ಚಳ ಸರಿಯಾಗಿ ಮುಚ್ಚಿದೆಯೇ ಎಂದು ಒಂದು ಸ್ವಿಚ್ಚು ನೋಡುತ್ತದೆ. ಹೊಗೆ ಎಳೆಯುವ ಫ್ಯಾನಿನಿಂದ ಒಳಗೆ ಸಾಕಷ್ಟು ಸೆಳೆತ ಹುಟ್ಟಿದೆಯೇ ಎಂದು ವ್ಯಾಕ್ಯೂಮ್ ಸ್ವಿಚ್ಚು ಎಂಬ ಗುಮಾಸ್ತ ಸಹಿ ಹಾಕಬೇಕು. ಅವನು ಹಾಕಿದರೆ ಮಾತ್ರ ಆಗರ್ ಎಂಬ ತಿರುಪುಸಲಾಕೆ ತಿರುಗಿ ಪೆಲೆಟ್ ಬೀಳಿಸುತ್ತದೆ. ಇತ್ತ ಬಟ್ಟಲ ಹಿಂದೆ ಬೆರಳುದ್ದದ ಇಗ್ನೈಟರು ಸುಮಾರು 300 ವ್ಯಾಟ್ ಕುಡಿದು ಕೆಂಪಗಾಗಿ, ಬಟ್ಟಲಿನ ತೂತಿನ ಮೂಲಕ ಬಿಸಿಗಾಳಿ ಒಳಗೆ ಬಿಡುತ್ತದೆ. ಕೊನೆಗೆ ಹೊಗೆಕೊಳವೆ ಬಿಸಿಯಾಯಿತೆಂದು ಇನ್ನೊಂದು ಸ್ವಿಚ್ಚು ವರದಿ ಕೊಡಬೇಕು. ಆ ವರದಿ ಬಾರದಿದ್ದರೆ ಕಡತ ಮುಚ್ಚಿ ಎಲ್ಲರೂ ಊಟಕ್ಕೆ.

ರಿಪೇರಿಯವರಿಗೆ ಫೋನು ಮಾಡಿದೆ. ಜನವರಿಯಲ್ಲವೇ, 19 ದಿನ ಬಿಟ್ಟು ಬರುತ್ತೇವೆ ಎಂದರು.

"ಅಷ್ಟು ದಿನ ಹಿಟ್ಟು ಉಬ್ಬೋದು ಎಲ್ಲಿ?" ಎಂದು ಹೆಂಡತಿ ಕೇಳಿದಳು. ಅವಳ ಚಿಂತೆ ನ್ಯಾಯವಾದದ್ದೇ. ಅವಳಮ್ಮನ ಹೆಸರು ಕೊರೆಸಿದ ಸ್ಟೀಲ್ ಡಬರಿಯಲ್ಲಿ ದೋಸೆಹಿಟ್ಟು ತುಂಬಿ ಒಲೆಯ ಪಕ್ಕ ಇಟ್ಟರೆ ಬೆಳಗಾಗುವಷ್ಟರಲ್ಲಿ ಮುಚ್ಚಳ ಎತ್ತುವಷ್ಟು ಉಬ್ಬುತ್ತಿತ್ತು. ನಮ್ಮ ಮನೆಯಲ್ಲಿ ಆ ಒಲೆಯ ಮುಖ್ಯ ಕೆಲಸ ಅದು. ಮನುಷ್ಯರು ಬೆಚ್ಚಗಾಗುವುದು ಉಪಲಾಭ.

"ನಾನಿಲ್ವಾ?" ಎಂದೆ. ಅವಳು ಮೇಲೊಂದು ಸ್ವೆಟರ್ ಹಾಕಿಕೊಂಡಳು.

ಒಲೆಯ ಜೊತೆ ಬಂದ ಪುಸ್ತಕದಲ್ಲಿ ಬಾಗಿಲಿನ ಗ್ಯಾಸ್ಕೆಟ್ ಹಗ್ಗ ಸವೆದರೆ ಗಾಳಿ ಸೋರಿ ಸೆಳೆತ ಕಡಿಮೆಯಾಗುತ್ತದೆ ಎಂದಿತ್ತು. ಪರೀಕ್ಷೆ ಸುಲಭ. ಡಾಲರ್ ನೋಟೊಂದನ್ನು ಬಾಗಿಲ ಸಂದಿಗೆ ಇಟ್ಟು ಮುಚ್ಚಿ ಎಳೆಯಬೇಕು; ಸಲೀಸಾಗಿ ಬಂದರೆ ಹಗ್ಗ ಕೆಟ್ಟಿದೆ ಎಂದರ್ಥ. ಕಾರ್ಡಿನಲ್ಲೇ ಬದುಕುವ ನಮ್ಮ ಮನೆಯಲ್ಲಿ ಡಾಲರ್ ನೋಟು ಎಲ್ಲಿಂದ ಬರಬೇಕು? ಹೋದ ಸಲ ಊರಿಂದ ಬರುವಾಗ ಪರ್ಸಿನಲ್ಲೇ ಉಳಿದಿದ್ದ ಹತ್ತು ರೂಪಾಯಿ ಸಿಕ್ಕಿತು. ಬಾಗಿಲ ಸುತ್ತ ಎಂಟು ಕಡೆ ಇಟ್ಟು ಎಳೆದೆ. ಎಂಟು ಕಡೆಯೂ ಗಾಂಧೀಜಿ ಅಲ್ಲಾಡದೆ ಸತ್ಯಾಗ್ರಹ ಹೂಡಿದರು. ಒಂಬತ್ತನೆಯ ಸಲ ಜೋರಾಗಿ ಎಳೆದದ್ದಕ್ಕೆ ನೋಟು ಎರಡಾಯಿತು. ಗ್ಯಾಸ್ಕೆಟ್ ಸರಿಯಿದೆ ಎಂದು ಖಾತ್ರಿಯಾಯಿತು, ಖರ್ಚು ಹತ್ತು ರೂಪಾಯಿ. ಅವತ್ತಿನ ರಿಪೇರಿಯಲ್ಲಿ ಅಗ್ಗವಾಗಿ ಮುಗಿದ ಭಾಗ ಇದೊಂದೇ.

ಮುಂದೆ ಗುಮಾಸ್ತನ ಸರದಿ. ವ್ಯಾಕ್ಯೂಮ್ ಸ್ವಿಚ್ಚಿಗೆ ಹೋಗುವ ರಬ್ಬರ್ ನಳಿಗೆಯಲ್ಲಿ ಬೂದಿ ಕಟ್ಟಿಕೊಂಡರೂ ಅವನಿಗೆ ಸೆಳೆತ ತಿಳಿಯುವುದಿಲ್ಲ. ನಳಿಗೆ ಬಿಚ್ಚಿ ಬಾಯಿಗಿಟ್ಟುಕೊಂಡೆ.

"ರೀ, ಸ್ವಿಚ್ಚಿನ ಕಡೆಗೆ ಊದಬಾರದಂತೆ, ಒಳಗಿನ ಪೊರೆ ಹರಿಯುತ್ತಂತೆ," ಎಂದು ಹೆಂಡತಿ ಪುಸ್ತಕದಿಂದ ಓದಿದಳು.

ಊದಬಾರದು ಎಂದರಲ್ಲ, ಹೀರಬಾರದು ಎಂದಿಲ್ಲವಲ್ಲ! ಒಲೆಯ ಕಡೆಯ ತುದಿಯನ್ನು ಹೀರಿದೆ. ವಿಭೂತಿಯನ್ನು ಹಣೆಗೆ ಹಚ್ಚುವುದು ಯಾಕೆ, ನಾಲಿಗೆಗೆ ಹಚ್ಚದೇ ಇರುವುದು ಯಾಕೆ ಎಂದು ಆ ಕ್ಷಣ ಅರ್ಥವಾಯಿತು.

ಬಾಯಿ ತೊಳೆದು ಅಮ್ಮನಿಗೆ ಫೋನು ಮಾಡಿದೆ. "ಹೊಟ್ಟು ಹೊತ್ತಿಸೋಕೆ ಇಷ್ಟೆಲ್ಲ ರಗಳೆ ಎಂತಕ್ಕೋ? ಒಂಚೂರು ಸೀಮೆಎಣ್ಣೆ ಸುರಿ," ಎಂದಳು. ಪುಸ್ತಕದ ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ, ಮಾಡಲೇಬೇಡಿ ಎಂದು ಬರೆದದ್ದು ಅದನ್ನೇ.

ಉಳಿದದ್ದು ಹೊಗೆಕೊಳವೆ. ಒಲೆಯ ಹಿಂದಿನಿಂದ ಗೋಡೆ ತೂರಿ ಹೊರಗೆ ಹೋಗುವ 3 ಇಂಚಿನ ಕೊಳವೆಯಲ್ಲಿ ನುಣ್ಣನೆ ಬೂದಿ ಕೂರುತ್ತದೆ. ಪೆಲೆಟ್ ಒಲೆ ಇಟ್ಟುಕೊಂಡವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅಂಗಳದ ತರಗೆಲೆ ಊದುವ ಲೀಫ್ ಬ್ಲೋವರಿನ ಹೀರುವ ಬಾಯಿಯನ್ನು ಹೊರಗಿನಿಂದ ಕೊಳವೆಗೆ ಸಿಕ್ಕಿಸಿ ಚಾಲೂ ಮಾಡಿದರೆ ವರ್ಷದ ಬೂದಿಯೆಲ್ಲ ಒಂದೇ ಮೋಡವಾಗಿ ಹೊರಗೆ ಹಾರುತ್ತದೆ. ಪಕ್ಕದ ಮನೆಯವರಿಂದ ಬ್ಲೋವರ್ ತಂದೆ. ಗಾಳಿ ಸರಾಗವಾಗಿ ಹರಿಯಲೆಂದು ಒಳಗೆ ಒಲೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟೆ. ಮೊಣಕಾಲೆತ್ತರದ ಹಿಮದಲ್ಲಿ ನಿಂತು, ದಪ್ಪ ಗ್ಲೌಸಿನ ಕೈಯಲ್ಲಿ ಬ್ಲೋವರಿನ ಬಾಯಿಯನ್ನು ಕೊಳವೆಗೆ ಸೇರಿಸಿ ಟೇಪು ಸುತ್ತಿ ಗುಂಡಿ ಒತ್ತಿದೆ.

ಆ ಯಂತ್ರಕ್ಕೆ ಎರಡು ಬಾಯಿ. ನಾನು ಸಿಕ್ಕಿಸಿದ್ದು ಇನ್ನೊಂದನ್ನು.

ಹೊರಗೆ ಏನೂ ಹಾರಲಿಲ್ಲ. ಬೂದಿ ತೀರಾ ಗಟ್ಟಿಯಾಗಿರಬೇಕೆಂದು ವೇಗ ಹೆಚ್ಚಿಸಿದೆ. ಒಳಗಿನಿಂದ ಸ್ಮೋಕ್ ಅಲಾರಂ ಕಿರುಚಿತು. ಮನೆಯಲ್ಲಿ ಬೆಂಕಿ ಇದೆ ಎಂದು ಇಡೀ ದಿನದಲ್ಲಿ ನಂಬಿದ್ದು ಅದೊಂದೇ. ಒಳಗೆ ಓಡಿದೆ. ಹಾಲಿನಲ್ಲಿ ಮಡಿಕೇರಿಯ ಮಂಜು ಇಳಿದಿತ್ತು. ಸೋಫಾ, ಟೀವಿ, ದೇವರ ಗೂಡು ಎಲ್ಲವೂ ಒಂದೇ ಬಣ್ಣ. ನಡುವೆ ಹೆಂಡತಿ ದೋಸೆಹಿಟ್ಟಿನ ಡಬರಿಯನ್ನು ಎದೆಗವಚಿ, ಮುಚ್ಚಳದ ಮೇಲೆ ಅಂಗೈ ಊರಿ ನಿಂತಿದ್ದಳು. ಹುಬ್ಬು ಬೆಳ್ಳಗಾಗಿತ್ತು. ಇನ್ನು ಮೂವತ್ತು ವರ್ಷಕ್ಕೆ ಇವಳು ಹೀಗೇ ಕಾಣಬಹುದು ಎಂದು ಅನ್ನಿಸಿದ್ದನ್ನು ಹೇಳದೇ ಉಳಿಸಿಕೊಂಡದ್ದು ಆ ದಿನ ನಾನು ಮಾಡಿದ ಏಕೈಕ ಜಾಣತನ.

ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಬೂದಿಯನ್ನು ಎಳೆಯಲು ಹೊರಟದ್ದು ಎರಡನೇ ಅಧ್ಯಾಯ. ಆ ನುಣುಪು ಬೂದಿಗೆ ಮಾಮೂಲಿ ಫಿಲ್ಟರು ಜರಡಿಯಿದ್ದ ಹಾಗೆ. ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಮನೆಗೇ ವಾಪಸು ಕೊಡುತ್ತದೆ. ಒದ್ದೆ ಬಟ್ಟೆ ಹಿಡಿದು ಒರೆಸಿ ಮುಗಿಸುವಾಗ ರಾತ್ರಿ ಹನ್ನೊಂದು.

ಅವಳು ಮಲಗಿದ ಮೇಲೆ ಟಾರ್ಚ್ ಹಿಡಿದು ಒಲೆಯ ಮುಂದೆ ಕೂತೆ. ಬಟ್ಟಲಲ್ಲಿ ಬೆಳಗಿನ ಪೆಲೆಟ್‌ಗಳು ಹಾಗೇ ಇದ್ದವು. ಆಗ ಹೊಳೆಯಿತು. ಪೆಲೆಟ್ ಬಿದ್ದಿವೆ ಅಂದರೆ ಆಗರ್ ತಿರುಗಿದೆ. ಆಗರ್ ತಿರುಗಿದೆ ಅಂದರೆ ಗುಮಾಸ್ತ ಬೆಳಗ್ಗೆಯೇ ಸಹಿ ಹಾಕಿದ್ದಾನೆ. ಗ್ಯಾಸ್ಕೆಟ್ಟು, ನಳಿಗೆ, ಕೊಳವೆ, ಮೂರೂ ನಿರಪರಾಧಿಗಳು. ಮೊದಲ ಹತ್ತು ನಿಮಿಷದಲ್ಲೇ ಆ ಟಿಣ್ ಟಿಣ್ ಸದ್ದು ಇದನ್ನು ನನಗೆ ಹೇಳಿತ್ತು. ನಾನು ಕಾಫಿ ಕುಡಿಯುತ್ತಿದ್ದೆ.

ಬಟ್ಟಲನ್ನು ಎತ್ತಿ ಬರಿದು ಮಾಡಿದೆ. ಶುಕ್ರವಾರ ರಾತ್ರಿ ಅದನ್ನು ಹೊರತೆಗೆದು, ಕಿಟ್ಟ ಕೆರೆದು, ಒಂದೊಂದು ತೂತನ್ನೂ ಮೊಳೆಯಿಂದ ಚುಚ್ಚಿ ಫಳಫಳ ಮಾಡಿದವನು ನಾನೇ. ವಾಪಸು ಇಡುವಾಗ ಹಿಂದುಮುಂದಾಗಿದೆ. ಇಗ್ನೈಟರಿನ ಎದುರು ಇರಬೇಕಾದ ದೊಡ್ಡ ತೂತು ನನ್ನ ಮುಖ ನೋಡುತ್ತಿತ್ತು. ಪಾಪ ಇಗ್ನೈಟರು, ಇಪ್ಪತ್ತು ನಿಮಿಷ ಕಬ್ಬಿಣದ ಗೋಡೆಗೆ ಬಿಸಿಯುಸಿರು ಬಿಟ್ಟಿದೆ.

ಬಟ್ಟಲು ತಿರುಗಿಸಿ ಇಟ್ಟು ಗುಂಡಿ ಒತ್ತಿದೆ. ಐದನೇ ನಿಮಿಷಕ್ಕೆ ಹೊಗೆ, ಆರಕ್ಕೆ ಜ್ವಾಲೆ. ದೋಸೆಹಿಟ್ಟಿನ ಡಬರಿ ತಂದು ಪಕ್ಕದಲ್ಲಿಟ್ಟೆ.

"ಏನಾಗಿತ್ತಂತೆ?" ಎಂದಳು ಬೆಳಗ್ಗೆ, ದೋಸೆ ಹುಯ್ಯುತ್ತಾ.

"ವ್ಯಾಕ್ಯೂಮ್ ಸ್ವಿಚ್ಚು. ಸ್ವಲ್ಪ ಸೂಕ್ಷ್ಮದ ಕೆಲಸ," ಎಂದೆ.

"ಓಹೋ," ಎಂದು ಕಾವಲಿಯ ಮೇಲಿನದನ್ನು ಮಗುಚಿ ಹಾಕಿದಳು.

ಮುಂದಿನ ಶುಕ್ರವಾರ ಕೆರೆಯಲೆಂದು ಬಟ್ಟಲು ಹೊರತೆಗೆದೆ. ಪಾತ್ರೆಗೆ ಹೆಸರು ಕೊರೆಸುವ ಹಾಗೆ, ಅದರ ಹಿಂದಿನ ಅಂಚಿನಲ್ಲಿ ಮೊಳೆಯಿಂದ ದುಂಡಗೆ ಗೀಚಿತ್ತು: 'ಹಿಂದೆ'.