ಹಂದಿಗೋ, ಹಮ್ಮಿಗೋ?

ನಿಜ ಹೇಳಿ ಯಜಮಾನ್ರೇ, ಈ ರೈಫಲ್ ಹುಚ್ಚು ನಿಮಗೆ ಹತ್ತಿದ್ದು ಯಾವಾಗ? ರಾಶಿ ಅಡಿಕೆ ಕ್ವಿಂಟಾಲಿಗೆ 50,000 ದಾಟಿದ ಮೇಲೆ ತಾನೆ? ಅದಕ್ಕೂ ಮುಂಚೆ ಚನ್ನಗಿರಿ ಕಡೆ ತೋಟಕ್ಕೆ ಹಂದಿ ಬರ್ತಿರಲಿಲ್ವಾ? ದಂಡಿಯಾಗಿ ಬರ್ತಿದ್ವು. ಆಗ ನೀವು ಖಾಲಿ ಡಬ್ಬ ಬಡೀತಿದ್ರಿ, ಎರಡು ಗರ್ನಾಲು ಹೊಡೀತಿದ್ರಿ, ಮನೆಯಾಕೆಯ ಹಳೇ ಸೀರೆ ತಂದು ಬೇಲಿಗೆ ಸುತ್ತಿ (ಆಕೆ ಅದರ ಬದಲಿಗೆ ಹೊಸದು ವಸೂಲು ಮಾಡಿದ್ದು ಬೇರೆ ಮಾತು) ಮಲಗ್ತಿದ್ರಿ.

ಈಗ ಮನೆ ಕಟ್ಟಿಸಿದ್ದಾಯ್ತು, ಕಾರು ಬಂತು, ತೋಟ ಖೇಣಿಗೆ ಕೊಟ್ಟು ಕೈಯಲ್ಲಿ ಪುರುಸೊತ್ತೂ ಬಂತು. ಇನ್ನು ಉಳಿದದ್ದು ರೈಫಲ್ ಒಂದೇ. ಅದೂ ಅಂಗಡಿ ಗಾಜಿನ ಹಿಂದೆ ಸಾಲಾಗಿ ನಿಲ್ಸಿರೋ ಮಾಲು ಬೇಡ, ನಿಮ್ಮ ಹೆಗಲಿನ ಅಳತೆಗೇ ಮಾಡಿಸಬೇಕು, ಮೇಲೆ ಹೆಸರು ಕೆತ್ತಿಸಬೇಕು. "ಎಷ್ಟಾದ್ರೂ ಆಗ್ಲಿ" ಅಂತೀರಿ. ಎಷ್ಟಾಗ್ತೈತೆ ಅಂತ ಯಾರನ್ನಾದ್ರೂ ಕೇಳಿದೀರಾ?

ಹೇಳ್ತೀನಿ, ಕುಂತ್ಕಳಿ. ಲಂಡನ್ನಿನಲ್ಲಿ ಹಾಲೆಂಡ್ ಅಂಡ್ ಹಾಲೆಂಡ್, ಪರ್ಡಿ, ರಿಗ್ಬಿ ಅಂತ ಹಳೇ ಕಂಪನಿಗಳವೆ. ನಮ್ಮ ಮಹಾರಾಜರುಗಳೆಲ್ಲ ಒಂದು ಕಾಲಕ್ಕೆ ಅಂಥಲ್ಲೇ ಆರ್ಡರ್ ಕೊಡ್ತಿದ್ದದ್ದು. ಅಲ್ಲಿ ನಿಮ್ಮನ್ನ ದರ್ಜಿ ಅಂಗಡಿಲಿ ನಿಲ್ಸಿದಂಗೆ ನಿಲ್ಲಿಸಿ ಅಳತೆ ತಗೋತಾರೆ. ಟೇಪಿನಲ್ಲಲ್ಲ, ಅದಕ್ಕೇ ಅಂತ ಒಂದು ಬಂದೂಕೈತೆ. ಟ್ರೈ ಗನ್ ಅಂತಾರೆ.

ಅದರ ಹಿಂದಿನ ಮರ ಇಡಿಯಾಗಿರಲ್ಲ, ಕೀಲು ಕೀಲಾಗಿರ್ತೈತೆ, ತುಂಬ ತಿರುಪು. ನೀವು ಅದನ್ನ ಹೆಗಲಿಗೇರಿಸಿ ಕೆನ್ನೆ ಒತ್ತಿ ಹಿಡೀಬೇಕು. ಅಳತೆ ತಗೊಳ್ಳೋನು ಎದುರಿಗೆ ನಿಂತು ನಳಿಗೆ ಮೇಲಿಂದ ನಿಮ್ಮ ಕಣ್ಣು ನೋಡ್ತಾನೆ (ಖಾಲಿ ಬಂದೂಕು ಮಾರಾಯ್ರೇ, ಗಾಬರಿ ಬೀಳ್ಬೇಡಿ). ಕಣ್ಣು ನಳಿಗೆಯ ಗೆರೆಗೆ ಸರಿಯಾಗಿ ಕೂರೋ ತನಕ ಒಂದೊಂದೇ ತಿರುಪು ತಿರುಗಿಸ್ತಾನೆ. ಕುದುರೆಯಿಂದ ಹೆಗಲಿಗೆ ಎಷ್ಟು ಉದ್ದ, ಕೆನ್ನೆ ಹತ್ರ ಮರ ಎಷ್ಟು ತಗ್ಗು, ಎಡಕ್ಕೋ ಬಲಕ್ಕೋ ಎಷ್ಟು ವಾಲು, ಎಲ್ಲಾ ಬರಕೊಳ್ತಾನೆ.

ಆಮೇಲೆ ವರ್ಷಗಟ್ಲೆ ಒಣಗಿಸಿಟ್ಟ ವಾಲ್‌ನಟ್ ಮರದ ದಿಮ್ಮಿ ನೀವೇ ಆರಿಸಬೇಕು. ಕೆತ್ತನೆಯವನು ಕಣ್ಣಿಗೆ ಮಸೂರ ಕಟ್ಕಂಡು ಉಕ್ಕಿನ ಮೇಲೆ ಹೂವೋ ಹುಲಿಯೋ ಬಿಡಿಸ್ತಾನೆ. ಕೈಗೆ ಬರಕ್ಕೆ ಎರಡು ವರ್ಷ ಬೇಕು, ಇನ್ನೂ ಹೆಚ್ಚೂ ಆಗಬಹುದು. ಒಳ್ಳೇ ಜೋಡುನಳಿಗೆಗೆ 1 ಲಕ್ಷ ಪೌಂಡು ಮೀರ್ತೈತೆ, ಅಂದ್ರೆ ನಮ್ಮ ದುಡ್ಡಲ್ಲಿ ಕೋಟಿ ಮೇಲೆ. ನ್ಯಾಮತಿ ಕಡೆ ಅದಕ್ಕೆಷ್ಟು ಎಕರೆ ಬರ್ತೈತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಯ್ಯೋ, ಮುಖ ಯಾಕ್ರೀ ಹಂಗೆ ಮಾಡ್ತೀರಿ?

ಕೋಟಿ ಎಣಿಸಿ ಕೊಟ್ರೂ ತರಿಸಂಗಿಲ್ಲ ಅನ್ನೋದು ಇನ್ನೊಂದು ತಮಾಷೆ. ಖಾಸಗಿಯವರು ಹೊರದೇಶದಿಂದ ಬಂದೂಕು ತರಿಸೋದನ್ನ ಸರ್ಕಾರ ಎಂಬತ್ತರ ದಶಕದಲ್ಲೇ ನಿಲ್ಸೈತೆ. ಹೆಸರು ಮಾಡಿದ ಶೂಟರ್‌ಗಳಿಗಷ್ಟೇ ರಿಯಾಯಿತಿ. (ನೀವು ಹೆಸರು ಮಾಡಿರೋದು ಇಸ್ಪೀಟಲ್ಲಿ. ಅದನ್ನ ಲೆಕ್ಕಕ್ಕೆ ತಗಳಲ್ಲ.)

ಹಂಗಾಗಿ ನಿಮ್ಮ ಪಾಲಿಗೆ ಬರೋದು ಬಂಗಾಳದ ಇಶಾಪುರ ಸರ್ಕಾರಿ ಕಾರ್ಖಾನೆಯ .315 ರೈಫಲ್. .303 ಸೈನ್ಯದ ಅಳತೆ, ನಮ್ಮಂಥವರು ಇಟ್ಕಳ್ಳಂಗಿಲ್ಲ. ಅದಕ್ಕೇ ಹೆಚ್ಚುಕಮ್ಮಿ ಅದೇ ಯಂತ್ರಕ್ಕೆ ಬೇರೆ ಅಳತೆ ಗುಂಡು ಕೊಟ್ಟು ಜನಕ್ಕೆ ಮಾರ್ತಾರೆ. ಗಟ್ಟಿ ಮಾಲು, ತಕರಾರಿಲ್ಲ. ಆದ್ರೆ ಅದರಲ್ಲಿ ಹುಲಿ ಕೆತ್ತನೆ ಇಲ್ಲ, ನಿಮ್ಮ ಹೆಸರಿಲ್ಲ, ನೆಂಟರ ಮುಂದೆ ಹೇಳಕ್ಕೆ ಕಥೆಯಿಲ್ಲ. ಅಲ್ಲೇ ನಿಮಗೆ ಬೇಜಾರು, ಹೌದಾ?

ಲೈಸೆನ್ಸ್ ಕಥೆ ಉದ್ದ, ಚಿಕ್ಕದಾಗಿ ಹೇಳ್ತೀನಿ. 1959ರ ಕಾಯ್ದೆ, 2016ರ ನಿಯಮ. ದಾವಣಗೆರೆ ಡಿಸಿ ಆಫೀಸಿಗೆ ಅರ್ಜಿ, ಪೊಲೀಸ್ ವರದಿ, ಬಂದೂಕು ಹಿಡಿಯೋ ತರಬೇತಿ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಐದು ವರ್ಷಕ್ಕೊಂದು ಸಲ ನವೀಕರಣ. ಮಗನ ಮದುವೆ ಮೆರವಣಿಗೇಲಿ ಖುಷಿಗೆ ಒಂದು ಈಡು ಹಾರಿಸ್ತೀನಿ ಅಂತ ಇದ್ರಲ್ಲ, ಅದಕ್ಕೂ ಅದೇ ತಿದ್ದುಪಡೀಲಿ 2 ವರ್ಷ ಜೈಲು, 1 ಲಕ್ಷ ದಂಡದ ತನಕ ಅವಕಾಶ ಐತೆ. ಕೊಡಗಿನವರ ಮಾತು ಬೇರೆ. ಅವರಿಗಿರೋ ವಿನಾಯಿತಿ ಹೊನ್ನಾಳಿಗೆ ಬರಲ್ಲ.

ಇನ್ನು ಹೊಡೆಯೋದಾದ್ರೂ ಏನನ್ನ? ಹಂದೀನೂ 1972ರ ವನ್ಯಜೀವಿ ಕಾಯ್ದೆ ಒಳಗೇ ಐತೆ, ಅನುಮತಿ ಇಲ್ದೆ ಮುಟ್ಟಂಗಿಲ್ಲ. ನವಿಲಿನ ಕಡೆ ನಳಿಗೆ ತಿರುಗಿಸೋ ಯೋಚನೇನೂ ಬೇಡ. ಜಗಳೂರಿನವರಾದ್ರೆ ಪಕ್ಕದಲ್ಲೇ ರಂಗಯ್ಯನದುರ್ಗ, 2011ರಿಂದ ಕೊಂಡುಕುರಿ ವನ್ಯಧಾಮ. ಅಲ್ಲಿ ಬಂದೂಕು ಹೆಗಲಿಗೆ ಹಾಕ್ಕಂಡು ಸುಮ್ನೆ ಓಡಾಡಿದ್ರೂ ಸಾಕು, ಜೀಪು ಬರ್ತೈತೆ. ಭದ್ರಾ ಕಡೆಯಿಂದ ಉಬ್ರಾಣಿ ಹೋಬಳಿಗೆ ಆನೆ ಇಳಿದ ರಾತ್ರಿ ನೀವು ಹುಡುಕೋದು ಅರಣ್ಯ ಇಲಾಖೆ ನಂಬರನ್ನ, ರೈಫಲ್ಲನ್ನಲ್ಲ.

ಇನ್ನೊಂದು ವಿಷ್ಯ ಕಿವಿಯಲ್ಲಿ ಹೇಳ್ತೀನಿ. ರೈಫಲ್ ಗುಂಡು ಕಿಲೋಮೀಟರ್‌ಗಟ್ಲೆ ಹೋಗ್ತೈತೆ. ಹೊನ್ನಾಳಿ ಕಡೆಯ ಬಯಲು ಮೆಕ್ಕೆಜೋಳದ ಹೊಲದಲ್ಲಿ ನೀವು ಹಂದಿ ತಪ್ಪಿಸಿದ್ರೆ (ತಪ್ಪಿಸ್ತೀರಿ) ಅದು ಮುಂದಿನ ಊರಲ್ಲಿ ಯಾರ ಹಿತ್ತಲಿಗೆ ಇಳೀತೈತೋ! ಅಡಿಕೆ ತೋಟದಲ್ಲಂತೂ ನಲವತ್ತು ಗಜ ಆಚೆಗೆ ಬರೀ ಕಂಬ ಕಂಬ. ಆ ದೂರಕ್ಕೆ ಚರೆ ತುಂಬಿದ ತೋಟಾ ಬಂದೂಕೇ ಸರಿ. ನಿಮ್ಮಪ್ಪ ಕೇಪಿನ ಕೋವಿ ಇಟ್ಕಂಡೇ ಕಾಲ ಹಾಕಿದ್ದು ದಡ್ಡತನಕ್ಕಲ್ಲ.

ಸರಿ, ಎಲ್ಲಾ ಮೀರಿ ತಂದೇ ಬಿಟ್ರಿ ಅನ್ನಿ. ಚುನಾವಣೆ ಬಂತು! ಸಾಮಾನ್ಯವಾಗಿ ಲೈಸೆನ್ಸ್ ಬಂದೂಕೆಲ್ಲ ಠಾಣೆಗೆ. 2023ರ ಬೇಸಿಗೇಲಿ ವಿಧಾನಸಭೆ. 2024ರಲ್ಲಿ ಲೋಕಸಭೆ, ಮಾರ್ಚ್ 16ಕ್ಕೆ ನೀತಿಸಂಹಿತೆ ಶುರುವಾದದ್ದು ಜೂನ್ ಮೊದಲ ವಾರದ ತನಕ. ನೀರಿನ ವಾಸನೆ ಹಿಡಿದು ಹಂದಿ ತೋಟಕ್ಕೆ ನುಗ್ಗೋ ಬೇಸಿಗೇಲೇ ನಿಮ್ಮ ರೈಫಲ್ ಠಾಣೆ ಮೂಲೇಲಿ, ಚೀಟಿ ಕಟ್ಟಿಸ್ಕಂಡು, ಊರವರ ಬಂದೂಕಿಗೆಲ್ಲ ಒರಗಿ ನಿಂತಿರ್ತೈತೆ. ನಿಮ್ಮ ಜೇಬಲ್ಲಿ ರಸೀದಿ. ಅದನ್ನೇ ಹಂದಿಗೆ ತೋರ್ಸಿ.

"ದೊಡ್ಡ ದೊಡ್ಡ ಶಿಕಾರಿಯವರು ಮಾಡಿಸ್ಕಂಡಿರಲಿಲ್ವಾ?" ಅಂತ ಕೇಳ್ತೀರಿ. ಬೆಂಗಳೂರಿನ ಕೆನೆತ್ ಆಂಡರ್ಸನ್ ತಮ್ಮ ಮೊದಲ ಪುಸ್ತಕದಲ್ಲೇ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕ ಹುಲಿ ಕಥೆ ಬರೆದವ್ರೆ. ಹೊಳಲ್ಕೆರೆ ಅಂದ್ರೆ ಚನ್ನಗಿರಿ ಮಗ್ಗುಲಿನ ತಾಲ್ಲೂಕು. ಅವರು ನೆಚ್ಚಿದ್ದು .405 ವಿಂಚೆಸ್ಟರ್, ಅಮೆರಿಕದ ಕಾರ್ಖಾನೇಲಿ ಸಾವಿರಾರು ತಯಾರಾದ ಮಾಲು. ಜಿಮ್ ಕಾರ್ಬೆಟ್ ಹತ್ರ ರಿಗ್ಬಿ ಇತ್ತು, ನಿಜ. ಅದು 1907ರಲ್ಲಿ ಚಂಪಾವತದ ಹುಲಿ ಹೊಡೆದ ಮೇಲೆ ಬಂದ ಇನಾಮು. ಮೊದ್ಲು ಹುಲಿ, ಆಮೇಲೆ ರೈಫಲ್. ನಿಮ್ಮದು ಉಲ್ಟಾ.

ಅಳತೆಯ ಮರಕ್ಕೆ ದುಡ್ಡು ಸುರಿದ್ರೆ ದಂಡ ಅಂತ ನಾನು ಹೇಳಲ್ಲ. 10 ಮೀಟರ್ ಏರ್ ರೈಫಲ್ ಸ್ಪರ್ಧೇಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಪೆನ್ನಿನ ಮೊನೆಯಷ್ಟೇ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಹೊಡೆದದ್ದು ಇದೇ ಆಟದಲ್ಲಿ. ಅಂಥವರಿಗೆ ಕೆನ್ನೆ ಒಂದು ಕೂದಲು ಆಚೀಚೆ ಆದ್ರೂ ಪದಕ ಹೋಗ್ತೈತೆ. ದಿನಾ ನೂರಾರು ಸಲ ಕುದುರೆ ಎಳೆಯೋರು ಅಳತೆಗೆ ಹೊಂದಿಸ್ಕಳ್ಳಲಿ, ಬೇಕಾದದ್ದೇ. ನೀವು ವರ್ಷಕ್ಕೆಷ್ಟು ಸಲ ಎಳೀತೀರಿ? ಆಯುಧಪೂಜೆ ದಿನ ಕುಂಕುಮ ಹಚ್ಚಿ ಸ್ಟೇಟಸ್‌ಗೆ ಫೋಟೋ ಹಾಕೋದು ಬಿಟ್ಟು ಹೇಳಿ.

ದುಗ್ಗಮ್ಮನ ಜಾತ್ರೇಲಿ ಬಲೂನಿಗೆ ಹೊಡೆದದ್ದು ನೆನಪೈತಾ? ಒಂದೂ ಒಡೀಲಿಲ್ಲ. "ನಳಿಗೆ ಸೊಟ್ಟ ಐತೆ ಕಣೋ" ಅಂತ ಆ ಹುಡುಗನ ಮೇಲೇ ರೇಗಿ ದುಡ್ಡು ವಾಪಸ್ ಕೇಳಿದ್ರಿ. ಈಗ ಯೋಚನೆ ಮಾಡಿ: ಕೋಟಿ ಕೊಟ್ಟು, ನಿಮ್ಮದೇ ಹೆಗಲು, ನಿಮ್ಮದೇ ಕೆನ್ನೆ, ನಿಮ್ಮದೇ ಕಣ್ಣಿನ ಅಳತೆಗೆ ಮಾಡಿಸಿದ ರೈಫಲ್. ಅದರಲ್ಲೂ ಗುರಿ ತಪ್ಪಿದ್ರೆ ಯಾರ ಮೇಲೆ ಹಾಕ್ತೀರಿ? ಇಷ್ಟು ದುಡ್ಡು ಕೊಟ್ಟು ಇರೋ ಒಂದು ನೆಪಾನೂ ಕಳ್ಕಳ್ತೀರಲ್ರೀ!

ಆದ್ರೂ ನಿಮ್ಮ ಕಣ್ಣು ನೋಡಿದ್ರೆ ಗೊತ್ತಾಗ್ತೈತೆ. ನಾನು ಲೈಸೆನ್ಸು, ಚರೆ, ಚುನಾವಣೆ ಅಂತ ಬಾಯಿ ನೋಯಿಸ್ಕಂತಿದ್ರೆ ನೀವು ಒಳಗೇ ಕೆತ್ತನೆ ಹೂವಿಂದಿರ್ಲೋ ಹುಲೀದಿರ್ಲೋ ಅಂತ ಲೆಕ್ಕ ಹಾಕ್ತಿದೀರಿ. ಒಂದು ಮಾತು ಕೇಳ್ತೀರಾ? ಎರಡೂ ಬೇಡ, ಹಂದಿ ಕೆತ್ತಿಸಿ. ಹಂಗಾದ್ರೂ ಒಂದು ಹಂದಿ ನಿಮ್ಮ ರೈಫಲ್ಲಿಗೆ ಸಿಕ್ಕಂಗಾಗ್ತೈತೆ.